ಬರಗಾಲದ ಪದಕದ ಅಚ್ಚು

"ನಡುಗೋ ಕೈಗೆ ಇನ್ಯಾವ ಕೆಲಸ ಕೊಡಲಿ? ಚಾಣ ಹಿಡಿ ಮುದುಕಾ, ನೀನು ಕೊರೆದದ್ದನ್ನ ನೀನೇ ಕೆಡಿಸು. ಅದನ್ನಾದ್ರೂ ನೆಟ್ಟಗೆ ಮಾಡ್ತೀಯೋ ನೋಡೋಣ."

೧೮೩೮ರ ಅಕ್ಟೋಬರ್ ೩, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ಲೌಟರ್‌ಫೆಲ್ಸ್ ಟಂಕಸಾಲೆಯ ಅಂಗಳದಲ್ಲಿ, ಹನ್ನೊಂದು ಕೆಲಸಗಾರರ ಎದುರಿಗೆ ಈ ಮಾತು ಬಂತು. ಅಂದವನು ಖಜಾನೆ ಅಧಿಕಾರಿ ಫಾನ್ ಗ್ರೀಸ್‌ಹಾಗೆನ್. ಅನ್ನಿಸಿಕೊಂಡವನು ಟಂಕಸಾಲೆಯ ಯಜಮಾನ ಏರೆಗಾಟ್ ತ್ಸೈಡ್ಲರ್, ವಯಸ್ಸು ಅರವತ್ತಾರು. ನಲವತ್ತೊಂದು ವರ್ಷ ಆ ಊರಿನ ಜೇಬುಗಳಲ್ಲಿ ಓಡಾಡಿದ ನಾಣ್ಯವೆಲ್ಲ ಅವನ ಕಣ್ಣೆದುರೇ ಹುಟ್ಟಿದ್ದು. ಮೂವರು ದೊರೆಗಳ ಮೂಗನ್ನು ಅವನು ಉಕ್ಕಿನಲ್ಲಿ ಕೊರೆದಿದ್ದ. ಬೈದವನಿಗೆ ಇಪ್ಪತ್ತೊಂಬತ್ತು. ಅವನು ಹುಟ್ಟಿದ ಮೇಲೆ ಕೊರೆದದ್ದು ತಟ್ಟೆಯಲ್ಲಿನ ಮಾಂಸವನ್ನು ಮಾತ್ರ.

ಹೊಸ ಯಂತ್ರ ಬರಲಿತ್ತು. ಹಳೆಯ ಪದಕಗಳ ಅಚ್ಚುಗಳಿಗೆಲ್ಲ ಮುಖದ ಮೇಲೆ ಅಡ್ಡಗೀರು ಹೊಡೆದು ಗುಜರಿಗೆ ಎಸೆಯಬೇಕೆಂದು ಆಜ್ಞೆಯಾಗಿತ್ತು. ಮುಹೂರ್ತ ಮರುದಿನಕ್ಕೆ.

ಮರುದಿನ ಎಂಟೂಕಾಲಿಗೆ ಅದೇ ಗ್ರೀಸ್‌ಹಾಗೆನ್ ಠಾಣೆಗೆ ನುಗ್ಗಿದ. ಇನ್ಸ್‌ಪೆಕ್ಟರ್ ಆಲ್ವಿನ್ ರೆಬ್‌ಸ್ಟಾಕ್ ಕಾಫಿ ಬಟ್ಟಲು ಪಕ್ಕಕ್ಕಿಟ್ಟು ದೂರು ಬರೆದುಕೊಂಡ. ಮೂವತ್ನಾಲ್ಕು ಅಚ್ಚುಗಳಲ್ಲಿ ಒಂದು ಕಾಣೆ. ೧೮೧೭ರಲ್ಲಿ ಬರಗಾಲ ಮುಗಿದಾಗ ಹೊಡೆದ ಪದಕದ ಅಚ್ಚು. ಗೋಧಿ ಸಿವುಡು ಹೊತ್ತ ಹೆಂಗಸಿನ ಚಿತ್ರ.

"ಯಾರ ಮೇಲೆ ಅನುಮಾನ?"

"ಅದನ್ನ ಕಂಡುಹಿಡಿಯೋಕೇ ನಿನಗೆ ಸಂಬಳ."

ರೆಬ್‌ಸ್ಟಾಕ್ ಆ ವಾಕ್ಯವನ್ನೂ ವರದಿಯಲ್ಲಿ ಬರೆದುಕೊಂಡ.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಬೀಗ ಮುರಿದಿಲ್ಲ. ಕಿಟಕಿಯ ಸರಳು ಭದ್ರ. ಕೀಲಿ ಇರುವುದು ಇಬ್ಬರ ಬಳಿ: ಯಜಮಾನ, ಅಧಿಕಾರಿ. ಕಡತಕ್ಕೆಂದು ಆ ಅಚ್ಚಿನಿಂದ ಹಿಂದೆ ತೆಗೆದ ಸೀಸದ ಮಾದರಿಯೊಂದು ಕಪಾಟಿನಲ್ಲಿತ್ತು. ರೆಬ್‌ಸ್ಟಾಕ್ ರಸೀದಿ ಕೊಟ್ಟು ಅದನ್ನು ಜೇಬಿಗೆ ಹಾಕಿಕೊಂಡ.

ಪದಕ ಒತ್ತುವ ಕಿಲಿಯಾನ್‌ನನ್ನು ಮೊದಲು ಕರೆಸಿದರು.

"ನಿನ್ನೆ ಕೊನೆಗೆ ಹೋದದ್ದು ಯಾರು?"

"ಯಜಮಾನ್ರು."

"ಕೈಯಲ್ಲಿ ಏನಿತ್ತು?"

"ನಾನು ಅವರ ಕೈ ನೋಡಲ್ಲ ಸ್ವಾಮಿ. ನಿನ್ನೆ ಎಲ್ಲರೂ ನೋಡಿದ್ದೇ ಸಾಕಾಯ್ತು."

ತ್ಸೈಡ್ಲರ್ ಒಂದೇ ಮಾತು ಹೇಳಿದ: "ಹುಡುಕಿ." ಹುಡುಕಿದರು. ಮನೆಯ ಹಾಸಿಗೆ, ಒಲೆ, ಮೊಲದ ಗೂಡು ಎಲ್ಲ ಜಾಲಾಡಿದರೂ ಸಿಗಲಿಲ್ಲ. ಅಡುಗೆಮೇಜಿನ ಮೇಲೆ ಮಾತ್ರ ಒಣಗಿದ ಬ್ರೆಡ್ಡಿನ ತುಣುಕುಗಳು ಸಾಲಾಗಿದ್ದವು. ಒಂದೊಂದರ ಮೇಲೂ ಗುಂಡಿ, ಉಂಗುರ, ಬೀಗದ ಕೈಯ ಗುರುತು.

"ಇದೇನು?"

"ಅಭ್ಯಾಸ. ಮೆತ್ತಗಿದ್ದದ್ದು ಕೈಗೆ ಸಿಕ್ರೆ ಏನಾದ್ರೂ ಒತ್ತಿ ನೋಡ್ತೀನಿ. ನಮ್ಮ ಕಸುಬಿನವರೆಲ್ಲ ಹೀಗೇ. ಹೆಂಡತಿ ಇದ್ದಾಗ ದಿನಾ ಬೈತಿದ್ದಳು."

ಶನಿವಾರ ಹನ್ನೊಂದು ಗಂಟೆ. ಸಂತೆಯ ಸುತ್ತು ಮುಗಿಸಿ ಬಂದ ಪೇದೆ ಟ್ರೌಗಾಟ್ ಸೋಂಪಿನ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ. "ತಗೊಳ್ಳಿ ಸಾರ್. ಸಿಡೋನಿಯಮ್ಮನ ಅಂಗಡಿದು. ಇದೊಂದು ಹೊಸಾ ನಮೂನೆ."

ರೆಬ್‌ಸ್ಟಾಕ್ ಬಾಯಿಗೆ ಹಾಕಲು ಹೋದವನು ಕೈ ತಡೆದ. ಆ ಊರಿನ ಬಿಸ್ಕತ್ತುಗಳನ್ನು ಮರದ ಅಚ್ಚಿನಲ್ಲಿ ಒತ್ತುತ್ತಾರೆ. ಕುದುರೆ ಒತ್ತಿದರೂ ಕುರಿಯಂತೆ ಕಾಣುತ್ತದೆ. ಇಲ್ಲಿ ಹೆಂಗಸಿನ ತಲೆಗೂದಲು ಎಳೆ ಎಳೆಯಾಗಿ ಎದ್ದಿತ್ತು. ಗೋಧಿ ತೆನೆಯ ಮೀಸೆ ಎಣಿಸಬಹುದಿತ್ತು. ಜೇಬಿನ ಸೀಸದ ಮಾದರಿಯನ್ನು ಪಕ್ಕಕ್ಕಿಟ್ಟ. ಅದೇ ಮುಖ.

"ಇಂಥವು ಎಷ್ಟಿದ್ದವು?"

"ಎರಡು ಸಾರ್." ಟ್ರೌಗಾಟ್ ತುಟಿ ಒರೆಸಿಕೊಂಡ. "ಸಾಕ್ಷಿ ಅಂತ ಗೊತ್ತಿರ್ಲಿಲ್ಲ."

ಹನ್ನೆರಡಕ್ಕೆ ಇಬ್ಬರು ಪಂಚರೊಂದಿಗೆ ಅಂಗಡಿಗೆ ಹೋದರು. ಬೇಕರಿಯ ಸಿಡೋನಿ ವಿಧವೆ, ನಲವತ್ತು ದಾಟಿದವಳು, ಮೊಣಕೈತನಕ ಹಿಟ್ಟು. ಬಿಸ್ಕತ್ತು ಕಂಡದ್ದೇ ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅಚ್ಚು ಎಲ್ಲಿದೆಯಮ್ಮ?"

"ಆ ಮನುಷ್ಯನಿಗೆ ಸುಮ್ಮನಿರೋಕೆ ಬರಲ್ಲ! ಬುಧವಾರ ಸಂಜೆ ತಂದುಕೊಟ್ಟು, ಮುಚ್ಚಿಡು ಅಂದ್ರು. ಮುಚ್ಚೋ ಮೊದಲು ಒಂದು ಸಲ ನೋಡ್ತೀನಿ ಅಂತ ನನ್ನ ಹಿಟ್ಟಿಗೆ ಒತ್ತಿದ್ರು. ಎರಡು ಸಲ."

"ನೀವು ಬೇಯಿಸಿದಿರಿ."

"ಮತ್ತೆ? ಬೆಣ್ಣೆ ಮೊಟ್ಟೆ ಹಾಕಿದ ಹಿಟ್ಟನ್ನ ಚರಂಡಿಗೆ ಹಾಕಲಾ?"

ಅಚ್ಚು ಸಿಕ್ಕಿದ್ದು ಹೆಬ್ಬಾತಿನ ಕೊಬ್ಬಿನ ಜಾಡಿಯಲ್ಲಿ. ಉಕ್ಕಿಗೆ ತುಕ್ಕು ಹಿಡಿಯದಿರಲೆಂದು ಯಾರೋ ತಿಳಿದವರೇ ಇಟ್ಟದ್ದು. ಟ್ರೌಗಾಟ್ ಅದನ್ನು ಒರೆಸಿದ. ರೆಬ್‌ಸ್ಟಾಕ್ ಸೀಸದ ಮಾದರಿಯನ್ನು ನೋಡಿದ, ಆಮೇಲೆ ಸಿಡೋನಿಯನ್ನು ನೋಡಿದ.

"ಹೌದು, ನಾನೇ," ಎಂದಳು ಅವಳು. "ಬರ ಹೋಗಿ ಹೊಸ ಹಿಟ್ಟು ಬಂದ ದಿನ ಬ್ರೆಡ್ಡಿನ ಬುಟ್ಟಿ ಹೊತ್ತು ಬೀದಿಗೆ ಬಂದೆ. ತ್ಸೈಡ್ಲರ್ ಎದುರಿಗೆ ನಿಂತು ನೋಡ್ತಿದ್ರು. ಹಸಿದಿದ್ದಾರೆ, ಬ್ರೆಡ್ಡು ನೋಡ್ತಿದ್ದಾರೆ ಅಂದ್ಕೊಂಡೆ. ಅಚ್ಚಲ್ಲಿ ನನ್ನ ಮುಖ ಇದೆ ಅಂತ ಈ ಬುಧವಾರವೇ ಗೊತ್ತಾಗಿದ್ದು ನೋಡಿ."

ಮಧ್ಯಾಹ್ನ ಎರಡಕ್ಕೆ ತ್ಸೈಡ್ಲರ್ ತಾನಾಗಿಯೇ ಠಾಣೆಗೆ ಬಂದ.

"ಸಿಡೋನಿಯಮ್ಮನ್ನ ಬಿಡಿ. ಕದ್ದದ್ದು ನಾನು."

"ಪಿಂಚಣಿ ಹೋಗುತ್ತೆ, ಗೊತ್ತಾ?"

"ಗೊತ್ತು. ದೊರೆಗಳ ಮುಖಕ್ಕೆ ಹೊಡಿ ಅಂದ್ರೆ ಹೊಡೀತಿದ್ದೆ, ಅವರಿಗೆ ನೋವಾಗಲ್ಲ. ಇದೊಂದಕ್ಕೆ ಚಾಣ ಇಡೋಕೆ ಕೈ ಬರಲಿಲ್ಲ. ನನ್ನ ಆಯಸ್ಸಲ್ಲಿ ಯಾರೂ ಹೇಳದೆ ನಾನಾಗೇ ಕೊರೆದದ್ದು ಇದೊಂದೇ."

ರೆಬ್‌ಸ್ಟಾಕ್ ಬಂಧನದ ಪತ್ರ ಬರೆದ. ಆಮೇಲೆ ಪಂಚನಾಮೆಯ ಕೊನೆಗೆ ದಪ್ಪಕ್ಷರದಲ್ಲಿ ಸೇರಿಸಿದ: ಅಚ್ಚು ಈ ಪ್ರಕರಣದ ಮುದ್ದೆಮಾಲು, ವಿಚಾರಣೆ ಮುಗಿಯುವತನಕ ನ್ಯಾಯಾಲಯದ ಪೆಟ್ಟಿಗೆಯಲ್ಲಿರತಕ್ಕದ್ದು, ಯಾರೂ ಗೀರು ಹಾಕತಕ್ಕದ್ದಲ್ಲ. ಆ ಪೆಟ್ಟಿಗೆಗೆ ಹೋದ ವಸ್ತು ತಿರುಗಿ ಹೊರಬಂದದ್ದನ್ನು ತನ್ನ ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಕಂಡಿರಲಿಲ್ಲ. ಆ ಕೊನೆಯ ಸಾಲು ಓದಿಕೊಂಡ ತ್ಸೈಡ್ಲರ್ ಸಹಿ ಹಾಕಿದ. ಸಹಿ ಒಂದು ಚೂರೂ ಅಲುಗಲಿಲ್ಲ.

ಮೂರು ಗಂಟೆಗೆ ಅವನನ್ನು ನ್ಯಾಯಾಧೀಶರ ಬಳಿಗೆ ಹೊರಡಿಸಿದಾಗ ಚೌಕದಲ್ಲಿ ಸಂತೆ ಇನ್ನೂ ಕರಗಿರಲಿಲ್ಲ. ಪಂಚನಾಮೆಯ ನಕಲು ಹಿಡಿದು ಗ್ರೀಸ್‌ಹಾಗೆನ್ ಓಡಿಬಂದ. ಮೊಕದ್ದಮೆ ನಡೆದರೆ ಅಚ್ಚು ಇನ್ನು ತನ್ನ ಕೈಗೆ ಸಿಗದು ಎಂಬುದು ಆ ಕೊನೆಯ ಸಾಲಿನಿಂದ ಅವನಿಗೆ ಆಗಷ್ಟೇ ಅರ್ಥವಾಗಿತ್ತು.

"ತ್ಸೈಡ್ಲರ್! ದೂರು ವಾಪಸ್ ತಗೋತೀನಿ. ಪಿಂಚಣಿಯೂ ಪೂರ್ತಿ ಬರುತ್ತೆ. ತಪ್ಪಾಯ್ತು ಅನ್ನು, ಅಚ್ಚು ನನಗೆ ಕೊಡಿಸು, ಅಷ್ಟೇ. ಏನಂತೀಯಾ?"

ಸಂತೆಯ ಜನ ಬುಟ್ಟಿ ಕೆಳಗಿಟ್ಟು ಕಿವಿ ಕೊಟ್ಟರು. ರೆಬ್‌ಸ್ಟಾಕ್ ಕೂಡ ಕಾದ.

ತ್ಸೈಡ್ಲರ್ ಟೋಪಿ ಸರಿಮಾಡಿಕೊಂಡ. ಟ್ರೌಗಾಟ್‌ನ ತೋಳು ಮುಟ್ಟಿ, ನಡಿಯಪ್ಪ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿ, ನ್ಯಾಯಾಲಯದ ಕಡೆಗೆ ನಡೆದುಬಿಟ್ಟ.