ಚಾನೆಲ್ ಎಂಟರ ಒಂಬತ್ತನೇ ದೀಪ

2014ರ ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 8 ಗಂಟೆ 52 ನಿಮಿಷಕ್ಕೆ ಪೆಮ್‌ಸೆಟ್ ಊರಿನ ಪೊಲೀಸ್ ಠಾಣೆಗೆ ತುರ್ತು ಕರೆ ಬಂತು. ಮಾತಾಡಿದವನು ಆರ್ಮಂಡ್ ಲೆವೆಕ್. ವಯಸ್ಸು 71. ಊರಿನವರೇ ನಡೆಸುವ ಟಿವಿ ಕೇಂದ್ರ ಚಾನೆಲ್ ಎಂಟರಲ್ಲಿ ಇಪ್ಪತ್ತಾರು ವರ್ಷಗಳಿಂದ ಸಂಬಳವಿಲ್ಲದೆ ಕ್ಯಾಮೆರಾ ಹಿಡಿದವನು.

“ಸ್ಟುಡಿಯೋದಲ್ಲಿ ಲೈಟ್ ಬಿದ್ದಿದೆ. ಜುಡಿತ್ ಮೇಲೆ. ಬೇಗ ಬನ್ನಿ.”

“ಉಸಿರಾಡ್ತಿದಾರಾ?”

ಕರೆ ತೆಗೆದುಕೊಂಡ ಹೆಂಗಸು ಎರಡು ಸಲ ಕೇಳಬೇಕಾಯಿತು.

“ಇಲ್ಲ,” ಎಂದ ಆರ್ಮಂಡ್.

ಆಂಬುಲೆನ್ಸ್ 8:59ಕ್ಕೆ ತಲುಪಿತು. ಚಾನೆಲ್ ಎಂಟರ ನಿರ್ದೇಶಕಿ, 54 ವರ್ಷದ ಜುಡಿತ್ ವಿನ್ಸ್ಲೋ ತೀರಿಕೊಂಡಿದ್ದಾಳೆ ಎಂದು 9:07ಕ್ಕೆ ದಾಖಲಾಯಿತು. ಡಿಟೆಕ್ಟಿವ್ ಸಾರ್ಜೆಂಟ್ ನೋರೀನ್ ಕ್ಯಾಸಡಿ, ಪೇದೆ ಡುವಾರ್ಟೆಯನ್ನು ಕರೆದುಕೊಂಡು 9:20ಕ್ಕೆ ಹಳೇ ಹೈಸ್ಕೂಲಿನ ಹಿಂಬಾಗಿಲ ಬಳಿ ಇಳಿದಳು. ಒಂದು ಕಾಲಕ್ಕೆ ಮರಗೆಲಸದ ತರಗತಿ ನಡೆಯುತ್ತಿದ್ದ ದೊಡ್ಡ ಕೋಣೆಯೇ ಈಗ ಸ್ಟುಡಿಯೋ. ನೆಲದಲ್ಲಿ ಇನ್ನೂ ಗರಗಸದ ಮೇಜುಗಳ ಬೋಲ್ಟ್ ತೂತುಗಳಿದ್ದವು.

ಹನ್ನೆರಡು ಅಡಿ ಎತ್ತರದಲ್ಲಿ ಕಬ್ಬಿಣದ ಕೊಳವೆಗಳ ಚೌಕಟ್ಟು. ಅದಕ್ಕೆ ತೂಗುಹಾಕಿದ ಹದಿನಾಲ್ಕು ದೀಪಗಳು. ಒಂಬತ್ತನೇ ನಂಬರಿನದು ಕೆಳಗೆ ಬಿದ್ದಿತ್ತು. ಹದಿನೆಂಟು ಪೌಂಡ್ ತೂಕದ್ದು. ಜುಡಿತ್ ಬಲಮಗ್ಗುಲಾಗಿ ಬಿದ್ದಿದ್ದಳು. ಪಕ್ಕದಲ್ಲಿ ದೀಪಗಳನ್ನು ನೆಲದ ಮೇಲಿಂದಲೇ ತಿರುಗಿಸುವ ಉದ್ದನೆಯ ಕೊಕ್ಕೆ ಕೋಲು, ಒಂದು ಅಳತೆ ಟೇಪು, ಒಂದು ಬರೆಯುವ ಪ್ಯಾಡು. ಒಂದರಿಂದ ಎಂಟರವರೆಗಿನ ದೀಪಗಳಲ್ಲಿ ಯಾವುದು ಉರಿಯುತ್ತದೆ, ಯಾವುದರ ವೈರು ಕರಕಲಾಗಿದೆ ಎಂದು ಅವಳು ಬರೆದುಕೊಂಡಿದ್ದಳು. ‘9’ ಎಂಬುದರ ಮುಂದೆ ಖಾಲಿ ಇತ್ತು.

ಆರ್ಮಂಡ್ ಹೊರಗಿನ ಬೆಂಚಿನ ಮೇಲೆ ಕೋಟು ಬಿಚ್ಚದೆ ಕೂತಿದ್ದ.

“ಎಷ್ಟೊತ್ತಿಗೆ ಬಂದ್ರಿ, ಆರ್ಮಂಡ್?”

“ಎಂಟೂ ಐವತ್ತು. ಬಂದೆ, ನೋಡ್ದೆ, ಫೋನ್ ಮಾಡ್ದೆ.”

“ಮಂಗಳವಾರ ಬೆಳಿಗ್ಗೆ ಇಲ್ಲೇನು ಕೆಲಸ? ಶೂಟಿಂಗ್ ಇಲ್ವಲ್ಲ.”

“ಮನೇಲಾದ್ರೂ ಏನಿದೆ ಕೆಲಸ?” ಅವನು ತಲೆಯೆತ್ತಿದ. “ನಾಕು ವರ್ಷದಿಂದ ಬಡ್ಕೊಂಡೆ ನೋರೀನ್, ಈ ಲೈಟುಗಳು ಯಾರ ತಲೆ ಮೇಲಾದ್ರೂ ಬೀಳ್ತವೆ ಅಂತ. ನನ್ನ ಮಾತು ಯಾರಿಗೆ ಬೇಕು?”

ಅವನು ನೋರೀನಳನ್ನು ಹೆಸರು ಹಿಡಿದೇ ಮಾತಾಡಿಸುತ್ತಿದ್ದ. ಊರಿನ ಅರ್ಧ ಜನರನ್ನು ಅವರ ಶಾಲೆಯ ನಾಟಕಗಳಿಂದಲೂ ಕ್ಯಾಮೆರಾದಲ್ಲಿ ನೋಡಿದವನು ಅವನು.

ಒಳಗೆ ಡುವಾರ್ಟೆ ಏಣಿ ಹಾಕಿ ನಿಂತಿದ್ದ.

“ಸಾರ್ಜೆಂಟ್, ನಂಗೆ ಎತ್ತರ ಆಗಲ್ಲ ಅಂತ ಕೆಲ್ಸಕ್ಕೆ ಸೇರೋವಾಗ್ಲೇ ಬರ್ದುಕೊಟ್ಟಿದ್ದೆ.”

“ಅದನ್ನ ಓದ್ಕೊಂಡೇ ನಿನ್ನ ಹತ್ತಿಸ್ತಿರೋದು. ನಡಿ.”

ಡುವಾರ್ಟೆ ಹತ್ತಿದ. ಪಕ್ಕದ ದೀಪಗಳ ಬೋಲ್ಟುಗಳಿಗೆ ಸ್ಪಾನರ್ ಹಾಕಿ ನೋಡಿದ. ಆಮೇಲೆ ಅವನ ದನಿಯಲ್ಲಿದ್ದ ತಮಾಷೆ ಹೋಗಿತ್ತು.

“ಪ್ರತಿ ಲೈಟಿಗೂ ಹಿಡಿಕೆ ಬೋಲ್ಟ್ ಒಂದು, ಅದು ಬಿಟ್ರೂ ಬೀಳದೇ ಇರ್ಲಿ ಅಂತ ಉಕ್ಕಿನ ತಂತಿ ಒಂದು. ಮಿಕ್ಕ ಹದಿಮೂರಕ್ಕೂ ತಂತಿ ಇದೆ. ಒಂಬತ್ತನೇದಕ್ಕೆ ಇಲ್ಲ.”

“ಮೊದ್ಲಿಂದ್ಲೇ ಇರ್ಲಿಲ್ವೇನೋ?”

“ಇತ್ತು. ಕೊಳವೆ ಮೇಲೆ ಬೆರಳು ದಪ್ಪ ಧೂಳಿದೆ. ತಂತಿ ಸುತ್ತಿದ್ದ ಕಡೆ ಮಾತ್ರ ಉಂಗುರದ ಹಾಗೆ ಸ್ವಚ್ಛ ಆಗಿದೆ.”

ನೋರೀನ್ ಬಿದ್ದ ದೀಪದ ಹಿಡಿಕೆಯನ್ನು ಕೈಗವಸು ಹಾಕಿಕೊಂಡು ತಿರುಗಿಸಿ ನೋಡಿದಳು. ಬೋಲ್ಟಿನ ತಿರುಪಿನ ಸುತ್ತುಗಳು ಸವೆದಿರಲಿಲ್ಲ. ಪಕ್ಕದ ದೀಪಗಳ ಬೋಲ್ಟುಗಳು ತುಕ್ಕು ಹಿಡಿದು ಸ್ಪಾನರಿಗೂ ಜಗ್ಗುತ್ತಿರಲಿಲ್ಲ. ಇದು ಬೆರಳಲ್ಲಿ ತಿರುಗುತ್ತಿತ್ತು. ಬೋಲ್ಟಿನ ತಲೆಯ ಮೇಲೆ ಸ್ಪಾನರ್ ಉಜ್ಜಿದ ಹೊಸ ಗೀರುಗಳಿದ್ದವು.

ಸ್ಥಳ ಮಹಜರು 11:40ಕ್ಕೆ ಮುಗಿಯಿತು. ನೆಲದ ಮೇಲೆ, ಮೇಜುಗಳ ಕೆಳಗೆ, ಪರದೆಗಳ ಹಿಂದೆ ಹುಡುಕಿದರೂ ತಂತಿ ಸಿಗಲಿಲ್ಲ. ‘ಅಪಘಾತ’ ಎಂದು ಬರೆಯಬೇಕಿದ್ದ ಜಾಗದಲ್ಲಿ ನೋರೀನ್ ‘ಅನುಮಾನಾಸ್ಪದ ಸಾವು’ ಎಂದು ಬರೆದಳು.

ಚಾನೆಲ್ಲಿನಲ್ಲಿ ಸಂಬಳಕ್ಕಿದ್ದವರು ಇಬ್ಬರೇ. ಒಬ್ಬಳು ಜುಡಿತ್. ಇನ್ನೊಬ್ಬಳು ಕಾರ್ಯಕ್ರಮಗಳ ಉಸ್ತುವಾರಿ ಡೆನೀಸ್ ಅಮರಾಲ್. ದಿನವೂ ಹತ್ತಕ್ಕೆ ಬರುವವಳು. ಅತ್ತು ಅತ್ತು ಅವಳ ಮುಖ ಊದಿತ್ತು.

“ಜುಡಿತ್ ಇವತ್ತು ಇಲ್ಲಿ ಇರಲೇಬಾರದಾಗಿತ್ತು,” ಎಂದಳು. “ಸ್ಪ್ರಿಂಗ್‌ಫೀಲ್ಡ್‌ಗೆ ಹೋಗ್ತೀನಿ, ಹೊಸ ಕ್ಯಾಮೆರಾ ನೋಡ್ಕೊಂಡ್ ಬರ್ತೀನಿ ಅಂದಿದ್ಲು. ಎಲ್ರಿಗೂ ಗೊತ್ತಿತ್ತು. ಬೋರ್ಡ್ ಮೇಲೂ ಬರ್ದಿದೆ, ನೋಡಿ.”

“ಯಾಕೆ ಹೋಗ್ಲಿಲ್ಲ?”

“ಗೊತ್ತಿಲ್ಲ. ನಂಗೇನೂ ಹೇಳಿಲ್ಲ.”

“ಹೊಸ ಕ್ಯಾಮೆರಾ ಅಂದ್ರಲ್ಲ, ಏನದು?”

ಡೆನೀಸ್ ಕಪಾಟಿನಿಂದ ಒಂದು ಕಡತ ತೆಗೆದುಕೊಟ್ಟಳು. ಸ್ಟುಡಿಯೋದ ಸಲಕರಣೆಗಳನ್ನು ಹೊಸದು ಮಾಡುವ ಐದು ವರ್ಷದ ಯೋಜನೆ. ಈ ವರ್ಷದ ಹಣದಲ್ಲಿ ಒಂದೇ ಕೆಲಸ ಆಗುತ್ತಿತ್ತು. ಯಾವುದು ಮೊದಲು ಎಂಬುದೇ ಜಗಳ. ಮೊದಲ ವರ್ಷ ಗೋಡೆಗೆ ಕೂರಿಸುವ ಮೂರು ಕ್ಯಾಮೆರಾಗಳು. ಪಕ್ಕದ ಕೋಣೆಯಲ್ಲಿ ಒಬ್ಬರೇ ಕೂತು ಮೂರನ್ನೂ ತಿರುಗಿಸಬಹುದು. ನಾಲ್ಕನೇ ವರ್ಷ ದೀಪಗಳು ಮತ್ತು ಕೊಳವೆಗಳು. ಮೂರನೇ ಪುಟದಲ್ಲಿ ಒಂದು ಸಾಲು: ಕ್ಯಾಮೆರಾ ಹಿಡಿಯಲು ಇನ್ನು ಮುಂದೆ ಜನ ಬೇಕಾಗುವುದಿಲ್ಲ.

“ಈ ಸಾಲು ಓದ್ದಾಗ ಕ್ಯಾಮೆರಾದೋರು ಯಾರೂ ಕೂಗಾಡ್ಲಿಲ್ವಾ?”

“ಮೂರು ಜನ ಇದಾರೆ. ಇಬ್ರಿಗೆ ಮಂಡಿ ನೋವು, ದೇವ್ರು ಕಣ್ಬಿಟ್ಟ ಅಂದ್ರು. ಆರ್ಮಂಡ್ ಏನೂ ಅನ್ಲಿಲ್ಲ.”

“ಏನೂ?”

“ಏನೂ ಅನ್ಲಿಲ್ಲ. ಲೈಟಿನ ಬಗ್ಗೆ ಮಾತ್ರ ಕೇಳ್ದ. ಮೊದ್ಲು ಲೈಟ್ ಮಾಡ್ಸಿ, ಕ್ಯಾಮೆರಾ ಆಮೇಲೆ ನೋಡಣ ಅಂದ. ಯಾವಾಗ್ಲೂ ಅದನ್ನೇ ಹೇಳ್ತಿದ್ದ.”

ಜುಡಿತ್ ಆ ಯೋಜನೆಯನ್ನು ಎಲ್ಲರ ಮುಂದಿಟ್ಟ ಸಭೆ ಫೆಬ್ರವರಿ 20ರ ಗುರುವಾರ ಇದೇ ಸ್ಟುಡಿಯೋದಲ್ಲಿ ನಡೆದಿತ್ತು. ಊರಿನ ಎಲ್ಲ ಸಭೆಗಳಂತೆ ಅದೂ ಚಾನೆಲ್ ಎಂಟರಲ್ಲಿ ಬಂದಿತ್ತು. ನೋರೀನ್ ಅದರ ರೆಕಾರ್ಡಿಂಗನ್ನು ಠಾಣೆಗೆ ತರಿಸಿ ಮಧ್ಯಾಹ್ನ ಎರಡಕ್ಕೆ ಡುವಾರ್ಟೆಯ ಜೊತೆ ನೋಡಲು ಕೂತಳು. ಐವತ್ತು ನಿಮಿಷ ನೀರಸವಾಗಿ ಕಳೆಯಿತು. ಜುಡಿತ್ ಮೂರನೇ ಪುಟಕ್ಕೆ ಬಂದಳು. ಆ ಸಾಲನ್ನು ಓದಿದಳು. ಅವಳ ಮುಖ ನಿಧಾನವಾಗಿ ಪರದೆಯ ಅಂಚಿಗೆ ಜಾರಿ ಮರೆಯಾಯಿತು. ಪರದೆಯ ತುಂಬ ಬರೀ ಗೋಡೆ. ಅವಳ ದನಿ ಮಾತ್ರ ಕೇಳುತ್ತಿತ್ತು. ಹನ್ನೊಂದು ಸೆಕೆಂಡ್ ಹಾಗೇ ಇದ್ದು ಚಿತ್ರ ಮತ್ತೆ ಅವಳ ಮುಖಕ್ಕೆ ಬಂತು.

“ಜುಡಿತ್ ಮೇಲಿದ್ದ ಕ್ಯಾಮೆರಾ ಯಾರ್ದು?” ಎಂದ ಡುವಾರ್ಟೆ.

“ಆರ್ಮಂಡ್‌ದು.”

ಇಪ್ಪತ್ತಾರು ವರ್ಷದಲ್ಲಿ ಅವನ ಕೈ ಅಲುಗಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ.

ಮಾರ್ಚ್ 12, ಬುಧವಾರ. ಮರಣೋತ್ತರ ಪರೀಕ್ಷೆಯ ವೈದ್ಯರು 10:30ಕ್ಕೆ ಫೋನ್ ಮಾಡಿದರು. ತಲೆಬುರುಡೆ ಒಡೆದು ಒಳಗೆ ರಕ್ತ ತುಂಬಿತ್ತು.

“ಪೆಟ್ಟು ಬಿದ್ದ ತಕ್ಷಣ ಹೋದ್ರಾ?” ಎಂದು ಕೇಳಿದಳು ನೋರೀನ್.

“ಇಲ್ಲ. ಮುಕ್ಕಾಲು ಗಂಟೆಯಾದ್ರೂ ಜೀವ ಇತ್ತು. ಜಾಸ್ತೀನೂ ಇರಬಹುದು.”

“ಬೇಗ ಆಸ್ಪತ್ರೆಗೆ ಸೇರಿಸಿದ್ರೆ?”

“ಉಳೀತಿದ್ರು ಅಂತ ಪ್ರಮಾಣ ಮಾಡಿ ಹೇಳಲಾರೆ. ಉಳಿಸೋಕೆ ಅವಕಾಶ ಇತ್ತು ಅಂತ ಮಾತ್ರ ಬರೀತೀನಿ.”

ಹಳೇ ಹೈಸ್ಕೂಲಿನ ಬಾಗಿಲುಗಳು ಕಾರ್ಡಿನಿಂದ ತೆರೆಯುತ್ತವೆ. ಯಾವ ಕಾರ್ಡು ಎಷ್ಟು ಹೊತ್ತಿಗೆ ಬಂತೆಂಬುದು ಪುರಸಭೆಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಮಧ್ಯಾಹ್ನ ಒಂದಕ್ಕೆ ಡುವಾರ್ಟೆ ಆ ಹಾಳೆ ತಂದಿಟ್ಟ. ಸೋಮವಾರ ಮಧ್ಯಾಹ್ನ 3:38, ಆರ್ಮಂಡ್ ಲೆವೆಕ್. ಮಂಗಳವಾರ ಬೆಳಿಗ್ಗೆ 7:21, ಜುಡಿತ್ ವಿನ್ಸ್ಲೋ. 8:09, ಆರ್ಮಂಡ್ ಲೆವೆಕ್. 8:50, ಆರ್ಮಂಡ್ ಲೆವೆಕ್.

“ಎರಡು ಸಲ,” ಎಂದ ಡುವಾರ್ಟೆ.

ನೋರೀನ್ ಎರಡು ಹೊತ್ತುಗಳ ನಡುವಿನ ಅಂತರವನ್ನು ಹಾಳೆಯ ಅಂಚಿನಲ್ಲಿ ಬರೆದಳು. ನಲವತ್ತೊಂದು ನಿಮಿಷ.

ಜುಡಿತ್‌ಳ ಕಂಪ್ಯೂಟರ್ ತೆರೆದದ್ದು ಆ ಸಂಜೆ. ಸೋಮವಾರ ಅವಳು ಸ್ಪ್ರಿಂಗ್‌ಫೀಲ್ಡಿನ ಅಂಗಡಿಗೆ ಬರುವುದಿಲ್ಲವೆಂದು ತಿಳಿಸಿದ್ದಳು. ಭಾನುವಾರ ತಿದ್ದಿದ್ದ ಯೋಜನೆಯೂ ಅದರಲ್ಲಿತ್ತು; ಇನ್ನೂ ಯಾರಿಗೂ ಕಳಿಸಿರಲಿಲ್ಲ. ನೋರೀನ್ ಅದನ್ನು ಎರಡು ಸಲ ಓದಿ, ಮುದ್ರಿಸಿ, ಕಡತಕ್ಕೆ ಸೇರಿಸಿದಳು.

ಮಾರ್ಚ್ 13, ಗುರುವಾರ. ನ್ಯಾಯಾಲಯದ ಶೋಧನಾ ವಾರಂಟಿನ ಮೇಲೆ ಬೆಳಿಗ್ಗೆ 9:15ಕ್ಕೆ ಆರ್ಮಂಡನ ಮನೆಯನ್ನೂ ಕಾರನ್ನೂ ಹುಡುಕಿದರು. ಕಾರಿನ ಬಾಗಿಲಿನ ಜೇಬಿನಲ್ಲಿ ಮೂವತ್ತು ಇಂಚಿನ ಉಕ್ಕಿನ ತಂತಿ ಸಿಕ್ಕಿತು. ತುದಿಯಲ್ಲಿ ಕೊಕ್ಕೆ. ಅವನು ಅದನ್ನು ಬಚ್ಚಿಟ್ಟಿರಲೂ ಇಲ್ಲ. 10:05ಕ್ಕೆ ಠಾಣೆಯ ಚಿಕ್ಕ ಕೋಣೆಯಲ್ಲಿ ನೋರೀನ್ ಅವನ ಹಕ್ಕುಗಳನ್ನು ಓದಿ ಹೇಳಿದಳು. ವಕೀಲ ಬೇಡವೆಂದು ಸಹಿ ಹಾಕಿದ.

“ಸೋಮವಾರ ಮೂರೂ ಮೂವತ್ತೆಂಟಕ್ಕೆ ಯಾಕೆ ಹೋಗಿದ್ರಿ?”

“ಕ್ಯಾಮೆರಾ ಒರೆಸಕ್ಕೆ.”

“ಮಂಗಳವಾರ ಎಂಟೂ ಒಂಬತ್ತಕ್ಕೆ?”

ಆರ್ಮಂಡ್ ಕೋಟಿನ ಗುಂಡಿಯೊಂದನ್ನು ಹಾಕಿಕೊಂಡ.

“ಇದು ನಿಮ್ಮ ಕಾರಲ್ಲಿ ಸಿಕ್ತು.” ತಂತಿಯಿದ್ದ ಪ್ಲಾಸ್ಟಿಕ್ ಚೀಲವನ್ನು ಅವಳು ಮೇಜಿನ ಮೇಲಿಟ್ಟಳು.

“ಲೈಟು ಬೀಳ್ಬೇಕಿತ್ತು,” ಎಂದ ಅವನು. “ಅವಳಲ್ಲ. ಲೈಟು.”

“ಬಿಡಿಸಿ ಹೇಳಿ.”

“ಸೋಮವಾರ ಬೋಲ್ಟ್ ಸಡಿಲ ಮಾಡ್ದೆ, ತಂತಿ ಬಿಚ್ಕೊಂಡೆ. ಡೆನೀಸ್ ಪಕ್ಕದ ರೂಮಲ್ಲಿದ್ಲು, ಅದಕ್ಕೆ ಆವತ್ತು ಬೀಳಿಸ್ಲಿಲ್ಲ. ಮಂಗಳವಾರ ಎಂಟಕ್ಕೆ ಯಾರೂ ಇರಲ್ಲ. ಜುಡಿತ್ ಊರಲ್ಲೇ ಇರಲ್ಲ. ಕೋಲಲ್ಲಿ ಎಳೆದು ಬೀಳ್ಸಿ, ತಾನಾಗೇ ಬಿತ್ತು ನೋಡ್ರಪ್ಪ, ಹೇಳಿರ್ಲಿಲ್ವಾ ಅನ್ನೋಣ ಅಂತಿದ್ದೆ. ಆಗ ಲೈಟ್ ಮೊದ್ಲು ಮಾಡ್ಸೇ ಮಾಡಿಸ್ತಾರೆ. ಕ್ಯಾಮೆರಾ ಮೂರ್ನಾಕು ವರ್ಷ ಮುಂದೆ ಹೋಗುತ್ತೆ. ಅಷ್ಟೊತ್ತಿಗೆ ನಂಗೂ ಎಪ್ಪತ್ತೈದಾಗುತ್ತೆ. ಆಮೇಲೆ ಬೇಕಾದ್ರೆ ಮಷೀನು ತಂದ್ಕೊಳ್ಲಿ.”

ನೋರೀನ್ ಕಡತದಿಂದ ಹಾಳೆ ತೆಗೆದಳು. ತೋರಿಸದೆ ಬಿಡಬಹುದಿತ್ತು. ಅವನ ಹೇಳಿಕೆ ಆಗಲೇ ಸಿಕ್ಕಿತ್ತು.

“ಜುಡಿತ್ ಭಾನುವಾರ ಬರ್ದಿದ್ದು. ಓದ್ಲಾ?”

“ಓದು.”

“‘ಮೊದಲ ವರ್ಷ ದೀಪಗಳು, ಕೊಳವೆಗಳು, ವೈರಿಂಗ್. ಕ್ಯಾಮೆರಾಗಳು ನಾಲ್ಕನೇ ವರ್ಷಕ್ಕೆ. ಆರ್ಮಂಡ್ ಇಷ್ಟು ದಿನ ಹೇಳಿದ್ದು ಸರಿಯಾಗೇ ಇತ್ತು, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಗಳವಾರ ನಾನೇ ಒಂದೊಂದನ್ನೂ ಪರೀಕ್ಷೆ ಮಾಡಿ, ಗುರುವಾರ ಅವನ ಜೊತೆ ಕೂತು ಮಾತಾಡುತ್ತೇನೆ.’”

ಆರ್ಮಂಡ್ ಕೈ ಚಾಚಿ ಹಾಳೆಯನ್ನು ತೆಗೆದುಕೊಂಡ. ಕನ್ನಡಕ ಹಾಕಿಕೊಂಡು ತಾನೇ ಓದಿದ. ತುಂಬ ಹೊತ್ತು ಹಿಡಿಯಿತು. ಆಮೇಲೆ ಅದನ್ನು ಮಡಚದೆ ಮೇಜಿನ ಮೇಲಿಟ್ಟು, ಅಂಚನ್ನು ಅಂಗೈಯಿಂದ ನೇರ ಮಾಡಿದ.

“ಗುರುವಾರ ಅಂದ್ರೆ ಇವತ್ತು,” ಎಂದ.

“ಹೌದು.”

ಅವನು ಅಳಲು ಶುರುಮಾಡಿದ. ಡುವಾರ್ಟೆ ಎದ್ದು ಹೋಗಿ ನೀರು ತಂದಿಟ್ಟ. ಅವನು ಮುಟ್ಟಲಿಲ್ಲ.

“ಎಂಟೂ ಒಂಬತ್ತಕ್ಕೆ ಒಳಗೆ ಹೋದಾಗ ಏನು ನೋಡಿದ್ರಿ?”

“ಬಿದ್ದಿದ್ಲು. ಕೈ ಬೆರಳು ಆಡ್ತಿತ್ತು.”

“ಉಸಿರು?”

“ಇತ್ತು. ಸದ್ದು ಬರ್ತಿತ್ತು.”

“ಆಮೇಲೆ?”

“ಕಾರಲ್ಲಿ ಹೋಗಿ ಕೂತ್ಕೊಂಡೆ.”

10:52ಕ್ಕೆ ನೋರೀನ್ ಅವನನ್ನು ದಸ್ತಗಿರಿ ಮಾಡಿದಳು. ಕೊಲ್ಲುವ ಉದ್ದೇಶವಿಲ್ಲದ ನರಹತ್ಯೆ, ಪೊಲೀಸರಿಗೆ ಸುಳ್ಳು ಹೇಳಿಕೆ. ಜಿಲ್ಲಾ ಸರ್ಕಾರಿ ವಕೀಲರ ಕಚೇರಿ ಫೋನಿನಲ್ಲೇ ಒಪ್ಪಿಗೆ ಕೊಟ್ಟಿತು. ಬೆರಳಚ್ಚು ತೆಗೆಯುವಾಗ ಅವನ ಕೈ ಒಂದಿಷ್ಟೂ ನಡುಗಲಿಲ್ಲ ಎಂದು ಡುವಾರ್ಟೆ ಆಮೇಲೆ ಹೇಳಿದ.

ಆ ಮಧ್ಯಾಹ್ನ ಪೂರ್ಣ ಹೇಳಿಕೆ ಬರೆಸುವಾಗ ಆರ್ಮಂಡ್ ಯಾರೂ ಕೇಳದೆಯೇ ಮಾತಾಡಿದ. ತಾನು ದುಡಿಯುತ್ತಿದ್ದ ತಂತಿ ಕಾರ್ಖಾನೆ ಮುಚ್ಚಿದಾಗ ಅವನಿಗೆ ನಲವತ್ತೈದು ವರ್ಷ. ಹೆಂಡತಿ ಮೊದಲೇ ಬಿಟ್ಟು ಹೋಗಿದ್ದಳು. ಊರಲ್ಲಿ ಮಾತಾಡಿಸುವವರಿರಲಿಲ್ಲ, ತಾನಾಗಿ ಮಾತಾಡಲು ಅವನಿಗೆ ಬರುತ್ತಿರಲಿಲ್ಲ. ಅದೇ ವರ್ಷ ಚಾನೆಲ್ ಎಂಟು ಶುರುವಾಯಿತು. ಯಾರು ಬೇಕಾದರೂ ಬಂದು ಕಲಿಯಬಹುದು ಎಂಬ ಚೀಟಿ ನೋಡಿ ಒಳಗೆ ಹೋದ.

“ಕ್ಯಾಮೆರಾ ಹಿಂದೆ ನಿಂತ್ರೆ ಎಲ್ರೂ ನಮ್ ಕಡೇನೇ ನೋಡ್ತಾರೆ,” ಎಂದ. “ಮೇಯರ್ರು, ಪಾದ್ರಿ, ಸ್ಕೂಲ್ ಮಕ್ಳು, ಎಲ್ರೂ. ಮುಖ ನೋಡ್ಕೊಂಡ್ ನಗ್ತಾರೆ. ಲೆನ್ಸಿಗೆ ನಗೋದು ಅಂತ ಗೊತ್ತು ನಂಗೆ. ಆದ್ರೂ.”

ನೋರೀನ್ ಬರೆದುಕೊಳ್ಳುತ್ತಿದ್ದಳು. ಒಂದು ಪ್ರಶ್ನೆ ಬಾಕಿ ಉಳಿದಿತ್ತು. ನ್ಯಾಯಾಲಯಕ್ಕೆ ಅದು ಬೇಕಿತ್ತೋ ಇಲ್ಲವೋ, ಅವಳಿಗೆ ಬೇಕಿತ್ತು.

“ನಲವತ್ತೊಂದು ನಿಮಿಷ, ಆರ್ಮಂಡ್. ಜೇಬಲ್ಲಿ ಫೋನಿತ್ತು. ಕಾರಲ್ಲಿ ಕೂತು ಏನು ಯೋಚನೆ ಮಾಡ್ತಿದ್ರಿ?”

ಅವನು ಅವಳ ಕಡೆ ನೋಡಿದ. ಅದುವರೆಗೂ ಒಂದು ಸಲವೂ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿರಲಿಲ್ಲ.

“ಫೋನ್ ಮಾಡಿದ್ರೆ ಎಲ್ಲ ಗೊತ್ತಾಗುತ್ತೆ, ಇನ್ಮೇಲೆ ನನ್ನ ಸ್ಟುಡಿಯೋ ಒಳಗೆ ಬಿಡಲ್ಲ ಅಂತ,” ಎಂದ.

ನೋರೀನ್ ಆ ಮಾತನ್ನು ಅವನು ಹೇಳಿದ ಹಾಗೆಯೇ, ಒಂದಕ್ಷರ ತಿದ್ದದೆ, ವರದಿಯ ಕೊನೆಯ ಪುಟದಲ್ಲಿ ಬರೆದು ಸಹಿ ಹಾಕಿದಳು. ಆಗ ಸಂಜೆ 4 ಗಂಟೆ 25 ನಿಮಿಷ.