ಬಾತುಕೋಳಿಗಳು ಮುಟ್ಟದ ಹೆಲ್ಮೆಟ್

ನಂಬುವವರು ನಂಬಿ, ಬಿಡುವವರು ಬಿಡಿ. ಅಮೆರಿಕದ ಸೈನ್ಯ ಯುದ್ಧ ಮುಗಿಸಿ ನಮ್ಮ ಕ್ವಾಂಗ್ ತ್ರಿ ಪ್ರಾಂತ್ಯ ಬಿಟ್ಟುಹೋಗಿ ಎಷ್ಟೋ ವರ್ಷವಾದ ಮೇಲೆ ನಮ್ಮ ಗದ್ದೆಯಲ್ಲಿ ಅವರದೊಂದು ಹೆಲ್ಮೆಟ್ ಸಿಕ್ಕಿತು. ಅತ್ತೆ ಅದರಲ್ಲಿ ಬಾತುಕೋಳಿಗಳಿಗೆ ನೀರಿಡತೊಡಗಿದರು. ನೆರಳಲ್ಲಿಟ್ಟರೂ ನೀರು ಬೆಚ್ಚಗಾಗುತ್ತಿತ್ತು. ಬಾತುಗಳು ಹತ್ತಿರವೂ ಸುಳಿಯಲಿಲ್ಲ.

ಏಳನೇ ತಿಂಗಳ ಹುಣ್ಣಿಮೆಯ ಸಂಜೆ ದಿಕ್ಕಿಲ್ಲದ ಪ್ರೇತಗಳಿಗೆ ಅಂಗಳದಲ್ಲಿ ಗಂಜಿ ಇಡುವುದು ನಮ್ಮ ಪದ್ಧತಿ. ಅತ್ತೆ ಹೆಲ್ಮೆಟ್ಟಿಗೂ ಒಂದು ಸೌಟು ಸುರಿದರು.

"ಅಮೆರಿಕದವನಿಗೆ ಗಂಜಿ ಸೇರುತ್ತಾ ಅತ್ತೆ?" ಎಂದು ನಕ್ಕೆ.

"ಇಷ್ಟು ವರ್ಷ ನಮ್ಮ ಮಣ್ಣು ತಿಂದವನಿಗೆ ಗಂಜಿ ಕುಡಿಯೋಕೇನು ಧಾಡಿ? ಸುಮ್ನಿರೇ. ಯುದ್ಧಕ್ಕೆ ಹೋದ ನನ್ನ ಹಿರಿಮಗ ಯಾವ ಕಾಡಲ್ಲಿ ಬಿದ್ದಿದಾನೋ, ಅವನಿಗೂ ಯಾರಾದ್ರೂ ಹಾಕ್ತಿರ್ತಾರೆ." ಆಮೇಲೆ ಹೆಲ್ಮೆಟ್ಟನ್ನೇ ಗದರಿದರು: "ಉಂಡಮೇಲೆ ತೊಳೆದಿಡಪ್ಪ, ಇಲ್ಲಿ ನಿನ್ನ ಆಳುಗಳು ಯಾರೂ ಇಲ್ಲ!"

ಬೆಳಿಗ್ಗೆ ನೋಡಿದರೆ ಹೆಲ್ಮೆಟ್ ಅಡುಗೆಮನೆಯಲ್ಲಿತ್ತು. ಯಾರೋ ಲಕ್ಷಣವಾಗಿ ತೊಳೆದು ಬೋರಲು ಹಾಕಿದ್ದರು.

"ನಿನ್ನ ಗಂಡನಿಗೆ ತೋರಿಸೇ, ಕಲಿತುಕೊಳ್ಳಲಿ," ಎಂದರು ಅತ್ತೆ. ಹಾಗೆನ್ನುತ್ತಲೇ ಹೆಲ್ಮೆಟ್ ಎತ್ತಿಕೊಳ್ಳಲು ಬಗ್ಗಿದರು.

ಪಕ್ಕದಲ್ಲಿ ಇನ್ನೊಂದು ಬಟ್ಟಲೂ ಬೋರಲಾಗಿತ್ತು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅದು ಅತ್ತೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿಟ್ಟಿದ್ದ ಹಿರಿಮಗನ ಬಟ್ಟಲು.

ಪೆಟ್ಟಿಗೆಗೆ ಹಾಕಿದ ಬೀಗ ಹಾಗೇ ಇತ್ತು.