ಕಸಿ ಹಿಡಿದ ಮೇಲೆ

ಕಾಶವ್ವಳ ಸೊಂಟದ ಕೀಲಿನ ಮೇಲೆ ಮೂಳೆನಾಡಿ ಯಂತ್ರದ ಬಿಲ್ಲೆಯನ್ನಿಟ್ಟು ಡಾಕ್ಟರ್ ಇಂದುಮತಿ ಹಂಪಿಹೊಳಿ ಉಸಿರು ಬಿಗಿಹಿಡಿದಳು. ಮೂಳೆಯೊಳಗೆ ಹರಿಯುವ ರಕ್ತದ ಸದ್ದನ್ನು ಕೇಳಿಸುವ ಈ ಯಂತ್ರ ಅವಳೇ ಕಂಡುಹಿಡಿದದ್ದು.

ತೊಡೆಮೂಳೆಯ ತಲೆಗೆ ರಕ್ತ ನಿಂತುಹೋದರೆ ಅದು ಒಳಗೊಳಗೇ ಸಾಯುತ್ತದೆ. ಈ ಅಸ್ಥಿಮೃತಿಗೆ, ಸತ್ತ ಭಾಗವನ್ನು ಕೆರೆದು ತೆಗೆದು, ಮೊಣಕಾಲ ಕೆಳಗಿನ ಸಣ್ಣ ಮೂಳೆಯ ತುಂಡನ್ನು ರಕ್ತನಾಳದ ಸಮೇತ ಅಲ್ಲಿ ಕೂರಿಸುತ್ತಾರೆ. ಆ ಕಸಿ ಹಿಡಿಯಿತೋ ಇಲ್ಲವೋ ಎಂದು ಹಿಂದೆಲ್ಲ ತಿಂಗಳುಗಟ್ಟಲೆ ಕಾಯಬೇಕಿತ್ತು. ಮೂಳೆನಾಡಿ ತೊಂಬತ್ತೇ ದಿನಕ್ಕೆ ಹೇಳಿಬಿಡುತ್ತಿತ್ತು. ಯಂತ್ರ ಹೇಳಿದ ಮೇಲೆ ಮುಗಿಯಿತು, ಬ್ರಹ್ಮನೇ ಬಂದು ಬೇಡವೆಂದರೂ ಇಂದುಮತಿ ಕೇಳುತ್ತಿರಲಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಧಾರವಾಡದಲ್ಲಿ ನಲವತ್ತು ರೋಗಿಗಳಿಗೆ, "ಕಸಿ ಹಿಡದದ, ಇನ್ನ ಊರುಗೋಲು ಬಿಟ್ಟು ಅಡ್ಡ್ಯಾಡ್ರಿ" ಎಂದು ಹೇಳಿ ಮನೆಗೆ ಕಳಿಸಿದ್ದಳು. ಅವರಲ್ಲಿ ಮೂವತ್ತೊಂಬತ್ತು ಮಂದಿಯ ಮೂಳೆ ಕುಸಿದು, ಲೋಹದ ಕೀಲು ಹಾಕಬೇಕಾಯಿತು. ಕಾರಣ ಯಾರಿಗೂ ತಿಳಿಯಲಿಲ್ಲ. ನಲವತ್ತನೆಯವಳಾದ ಕಾಶವ್ವ ಮತ್ತೆ ಆಸ್ಪತ್ರೆಯ ಕಡೆ ತಲೆಹಾಕಿರಲಿಲ್ಲ; ಈಗ ಹುಡುಕಿ ಕರೆಸಿದ್ದರು. ಇವಳದೂ ಕುಸಿದಿದ್ದರೆ ಇಂದುಮತಿಯ ಜೀವಮಾನದ ಕೆಲಸ ನೀರುಪಾಲು.

ಯಂತ್ರ ನುಡಿಯಿತು. ತುಂಬಿದ, ಗಟ್ಟಿ ಸದ್ದು. ಪಕ್ಕದ ಎಕ್ಸ್-ರೇ ತೆರೆಯ ಮೇಲೆ ಮೂಳೆಯ ತಲೆ ದುಂಡಗೆ ನಿಂತಿತ್ತು. ಇಂದುಮತಿಗೆ ಕಣ್ಣು ತುಂಬಿ ಬಂತು.

"ಏನ್ ಮಾಡಿದ್ರಿ ಕಾಶವ್ವಾ? ಖರೆ ಹೇಳ್ರಿ."

ಮಾವಿನ ನರ್ಸರಿಯಲ್ಲಿ ಕಸಿ ಕಟ್ಟುತ್ತಲೇ ತಲೆ ನರೆತವಳು ಕಾಶವ್ವ. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಸೆರಗು ಎಳೆದುಕೊಂಡಳು.

"ಬೈಬ್ಯಾಡ್ರಿ ಬಾಯಾರ. ನಿಮ್ಮ ಮಾತು ನಾ ಕೇಳಲಿಲ್ಲ. ಮೂರು ವರ್ಷ ಊರುಗೋಲು ಬಿಡಲಿಲ್ಲ."

"ಮೂರು ವರ್ಷ! ಯಾಕ?"

"ನೀವ ಕಸಿ ಅಂದ್ರಲ್ಲ! ಕಸಿ ಹಿಡದು ಚಿಗುರಿದ್ರೂ ಮೂರು ವರ್ಷ ಬಂದ ಹೂವೆಲ್ಲ ಚಿವುಟಿ ಒಗಿತೀವ್ರಿ. ಎಳೇ ಗಿಡಕ್ಕ ಕಾಯಿ ಭಾರ ಹೊರಸಬಾರದು. ಮಗಳ ಕೂಸು ಎತ್ತಿಕೋ ಅಂತ ಅಳತಿತ್ತು, ಎತ್ತಲಿಲ್ಲ. ಹೊಟ್ಟಿ ಉರೀತಿತ್ರಿ. ನೀವು ಸಿಟ್ಟಾಗ್ತೀರಂತ ಈ ಕಡೆ ಬರಲೂ ಇಲ್ಲ."

ಇಂದುಮತಿ ಬಿಲ್ಲೆಯನ್ನು ಮೆಲ್ಲಗೆ ಕೆಳಗಿಟ್ಟಳು. ತೊಂಬತ್ತನೆಯ ದಿನ ಯಂತ್ರ ಕೇಳಿಸಿದ್ದು ರಕ್ತ ಬಂದ ಸದ್ದು. ಮೈಭಾರ ಹೊರುವ ಬಲ ಮೂಳೆಗೆ ಬರಲು ಇನ್ನೂ ವರ್ಷಗಳು ಬೇಕಿದ್ದವು. ಅಷ್ಟರಲ್ಲಿ ತಾನೇ ಎಲ್ಲರ ಊರುಗೋಲು ಬಿಡಿಸಿದ್ದಳು.

"ನಿಮ್ಮ ಮಾತು ಮೀರಿದ್ದು ತಪ್ಪಾತೇನ್ರಿ?" ಕಾಶವ್ವ ಅಳುಕುತ್ತ ಕೇಳಿದಳು.

ಇಂದುಮತಿ ಯಂತ್ರವನ್ನು ಆರಿಸಿದಳು. ಉಳಿದ ಮೂವತ್ತೊಂಬತ್ತು ಮಂದಿ ಅವಳು ಹೇಳಿದ ಹಾಗೆಯೇ ನಡೆದಿದ್ದರು.